‘ಡಾಗ್’ ಎಲ್ಲಿಂದ ಬಂತೆಂದು ಇವರನ್ನು ಕೇಳಬೇಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಚ್ಚುಮನೆಯ ಮೇಲಿನ ಕೋಣೆಯಲ್ಲಿ ಇಂಗ್ಲಿಷ್ ನಿಘಂಟಿನ ಹೊಸ ಆವೃತ್ತಿಯ ಕರಡು ಹರಡಿಕೊಂಡು ಒಬ್ಬ ಹೆಂಗಸು ಹಲ್ಲು ಕಡಿಯುತ್ತಿದ್ದಾರೆ. ಪದಗಳ ಮೂಲ ಹುಡುಕುವುದು ಇವರ ಕೆಲಸ. ಕಚೇರಿಗೆಲ್ಲ ಇವರು ಮೂಲದಕ್ಕ. ‘ಡಾಗ್’ ಇರುವ ಪುಟ ಈಗಲೇ ಅಚ್ಚಿಗೆ ಹೋಗಬೇಕು.

“ನೋಡಿ, ಮತ್ತೆ ಕೈಯಾಡಿಸಿದ್ದಾರೆ!” ಎಂದು, ಮಾತನಾಡಿಸಲು ಬಂದ ನನ್ನ ಮೂಗಿಗೇ ಕರಡನ್ನು ಹಿಡಿಯುತ್ತಾರೆ. “ನಾನು ‘ಮೂಲ ತಿಳಿದಿಲ್ಲ’ ಅಂತ ಬರೆದಿದ್ದೆ. ಸಂಪಾದಕರು ಅದನ್ನ ಹೊಡೆದುಹಾಕಿ, ಮಬ್ಬು ಬಣ್ಣಕ್ಕಿದ್ದ ಹಳೇ ಪದದಿಂದ ಬಂತು ಅಂತ ಹಾಕಿದ್ದಾರೆ.”

ಸಾವಿರ ವರ್ಷದ ಹಿಂದೆ ಇಂಗ್ಲಿಷರಿಗೆ ನಾಯಿ ಎಂದರೆ ‘ಹೌಂಡ್’. ‘ಡಾಗ್’ ಹಳೆಯ ಬರಹಗಳಲ್ಲಿ ಎಲ್ಲೋ ಅಪರೂಪಕ್ಕೆ ಇಣುಕಿ, ಬರಬರುತ್ತಾ ‘ಹೌಂಡ್’ಅನ್ನು ಬೇಟೆನಾಯಿಗಷ್ಟೇ ಬಿಟ್ಟುಕೊಟ್ಟು ತಾನೇ ಯಜಮಾನನಾಯಿತು. ಅಕ್ಕಪಕ್ಕದ ಭಾಷೆಗಳಲ್ಲಿ ಅದಕ್ಕೆ ನೆಂಟರಿಷ್ಟರಿಲ್ಲ. ಇದ್ದರೂ ಅವರು ಇಂಗ್ಲಿಷಿನಿಂದಲೇ ಸಾಲ ತಂದವರು.

ಮನೆಯಲ್ಲೂ ನೆಮ್ಮದಿಯಿಲ್ಲ. “ಇಷ್ಟು ವರ್ಷ ಒಂದು ನಾಯಿ ಹಿಂದೆ ಬಿದ್ದಿದ್ದೀಯಲ್ಲೇ, ಅದರ ಹುಟ್ಟೂರು ಸಿಗ್ಲಿಲ್ವಾ?” ಎನ್ನುತ್ತಾರಂತೆ ಅತ್ತೆ. ಭಾವನವರದು ‘ಡಾಗ್’ ಮೂಲದ ಬಗ್ಗೆ ವಾರಕ್ಕೊಂದು ಹೊಸ ಸಂಶೋಧನೆ. “ಅವರ ಫೋನ್ ಬಂದ್ರೆ ನಾನು ಬಚ್ಚಲಿಗೆ ಹೋಗ್ಬಿಡ್ತೀನಿ,” ಎನ್ನುತ್ತಾರೆ ಮೂಲದಕ್ಕ.

ಅಷ್ಟರಲ್ಲಿ ಸಂಪಾದಕರೇ ಒಂದು ದಪ್ಪ ಪುಸ್ತಕ ಹಿಡಿದು ಬರುತ್ತಾರೆ. “ನೋಡಮ್ಮ, ಬಣ್ಣದ ವಿಷಯ ಇಲ್ಲಿ ಅಚ್ಚಾಗಿದೆ. ಇನ್ನೇನು ಸಾಕ್ಷಿ ಬೇಕು? ಇಷ್ಟು ದೊಡ್ಡ ನಿಘಂಟಲ್ಲಿ ‘ತಿಳಿದಿಲ್ಲ’ ಅಂತ ಹಾಕಿದ್ರೆ ಜನ ಉಗೀತಾರೆ.”

ಮೂಲದಕ್ಕ ಆ ಪುಸ್ತಕದ ಅಡಿಟಿಪ್ಪಣಿ ನೋಡುತ್ತಾರೆ. ಅದು ಹೇಳಿದ ಇನ್ನೊಂದು ಪುಸ್ತಕವನ್ನು ಕಪಾಟಿನಿಂದ ಎಳೆಯುತ್ತಾರೆ. ಅದರ ಆಧಾರವೋ, ಇದೇ ನಿಘಂಟಿನ ಹಿಂದಿನ ಆವೃತ್ತಿ!

“ಅದನ್ನ ಬರೆದೋಳು ನಾನೇ ಸಾರ್! ಖಾಲಿ ಬಿಡ್ಬೇಡ ಅಂತ ನೀವು ಪ್ರಾಣ ತಿಂದ್ರಿ, ‘ಬಹುಶಃ’ ಅಂತ ಸೇರಿಸಿ ಬರೆದೆ. ಈ ಕಪಾಟಿನ ಪುಸ್ತಕದವರು ಆ ‘ಬಹುಶಃ’ನ ನುಂಗಿದ್ರು, ನಿಮ್ಮ ದಪ್ಪ ಪುಸ್ತಕದವರು ಇವರನ್ನ ನೋಡಿ ಬರೆದ್ರು. ಈಗ ನನ್ನ ಊಹೇನೇ ನನಗೆ ಸಾಕ್ಷಿ ಅಂತ ತಂದಿದ್ದೀರಲ್ಲ!”

ಸಂಪಾದಕರು ತಲೆ ಕೆರೆದುಕೊಳ್ಳುತ್ತಾರೆ. “ಏನಾದ್ರೂ ಮಾಡ್ಕೊಳ್ಳಿ,” ಎಂದು ತಾವು ಬರೆದಿದ್ದನ್ನು ಹೊಡೆದು, ‘ಮೂಲ ತಿಳಿದಿಲ್ಲ’ ಎಂದು ಮತ್ತೆ ಸೇರಿಸಿ ಸಹಿ ಹಾಕುತ್ತಾರೆ. ಪುಟ ಕೆಳಗೆ ಹೋಗುತ್ತದೆ, ಯಂತ್ರ ಶುರುವಾಗುತ್ತದೆ.

ಇಷ್ಟೆಲ್ಲ ಜಗಳ ‘ತಿಳಿದಿಲ್ಲ’ ಎನ್ನುವುದಕ್ಕಾ ಎಂದು ಕೇಳುತ್ತೇನೆ. ಮೂಲದಕ್ಕ ನನ್ನ ಮೇಲೂ ರೇಗುತ್ತಾರೆ.

“ಮತ್ತಿನ್ನೇನು? ಮುಂದೆ ಯಾರಾದ್ರೂ ನಿಜವಾದ ಮೂಲ ಹುಡುಕಿ ತಂದ್ರೆ, ಆ ಜಾಗ ಅವರಿಗೆ ಖಾಲಿ ಸಿಗ್ಬೇಕು. ಅಲ್ಲಿ ನನ್ನ ಸುಳ್ಳು ಕಾಲು ಚಾಚಿ ಕೂತಿರಬಾರದು.”