ಕೆಂಪು ಬಾಳೆ ಮತ್ತು ಕಣ್ಣಿನ ವಿಮೆ

ಬಾಳೆಹಣ್ಣಿನ ಸಿಪ್ಪೆಯ ಬಣ್ಣಕ್ಕಾಗಿ ಜಗಳ ತೆಗೆಯುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ; ಕಾಣುವ ಆಸೆಯಿದ್ದರೆ ಕಲಬುರಗಿಯ ಸೇಡಂ ರಸ್ತೆಯ ನಮ್ಮ ತಿರುವಿಗೆ ಬಂದು ನನ್ನನ್ನು ನೋಡಬೇಕಿತ್ತು. ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಭಾಗಮ್ಮ, ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಕೆಂಪು ಬಾಳೆ ತರುತ್ತಿದ್ದಳು. ಆ ಹಣ್ಣಿನ ಹೆಸರೇ ಕೆಂಪಿನಿಂದ ಬಂದದ್ದು. ಆದರೆ ಅದು ಕೆಂಪಿಲ್ಲ, ಮಣ್ಣಿನ ಬಣ್ಣಕ್ಕಿದೆ ಎಂಬುದು ನನ್ನ ತಕರಾರು. ನಿವೃತ್ತ ಕನ್ನಡ ಮೇಷ್ಟ್ರಾದ ನಾನು ಯಾವ ತಕರಾರನ್ನೂ ಮೆಲ್ಲಗೆ ಹೇಳಿದವನಲ್ಲ. ವಾಯುವಿಹಾರಿಗಳನ್ನು ತಡೆದು ನಿಲ್ಲಿಸಿ, ಕೃಷಿಯ ಅಧೋಗತಿ, ವ್ಯಾಪಾರದಲ್ಲಿ ನೀತಿಯ ಅವಸಾನ ಎಂದೆಲ್ಲ ಭಾಷಣ ಬಿಗಿಯುತ್ತಿದ್ದೆ.

“ಅದೇ ತ್ವಾಟ, ಅದೇ ಗಿಡ, ಹಣ್ಣೂ ಅದೇರಿ ಸರ,” ಎನ್ನುತ್ತಿದ್ದಳು ಭಾಗಮ್ಮ. ನಾನು ನಂಬಲಿಲ್ಲ.

ಈ ನಡುವೆ ಓದುವಾಗ ಸಾಲುಗಳು ಒಂದರ ಮೇಲೊಂದು ಏರತೊಡಗಿದವು. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು ಡಾಕ್ಟರು. ನಮ್ಮ ಕಡೆ ಇದಕ್ಕೆ ಮೋತಿಬಿಂದು ಎನ್ನುತ್ತಾರೆ; ಕುರುಡಾಗುವವನಿಗೂ ಮುತ್ತು ಸಿಕ್ಕ ಸಮಾಧಾನವಿರಲಿ ಎಂಬ ಔದಾರ್ಯವಿರಬೇಕು. ಒಂದೂವರೆ ವರ್ಷದ ಹಿಂದೆ ಮಾಡಿಸಿದ್ದ ಆರೋಗ್ಯ ವಿಮೆಯ ಪುಸ್ತಕವನ್ನು ನನ್ನ ಮಡದಿ ಹುಡುಕಿ ತೆಗೆದಳು. ಮೊದಲ ಎರಡು ವರ್ಷ ಪೊರೆಯ ಚಿಕಿತ್ಸೆಗೆ ಖರ್ಚು ಕೊಡುವುದಿಲ್ಲ ಎಂಬ ನಿಯಮ, ಪೊರೆ ಬಂದವರು ಓದದಿರಲೆಂದೇ ಅಚ್ಚು ಹಾಕಿದಂತಿದ್ದ ಅಕ್ಷರಗಳಲ್ಲಿತ್ತು. ಪೊರೆ ಬಲಿತಿದೆ ಎಂದರು ಡಾಕ್ಟರು. ಪಾಲಿಸಿ ಬಲಿತಿಲ್ಲ ಎಂದಿತು ಕಂಪನಿ. ಪಿಂಚಣಿಯಲ್ಲಿ ಬದುಕುವವನಿಗೆ ಕಂಪನಿಯ ಮಾತೇ ದೊಡ್ಡದು. ಆರು ತಿಂಗಳು ವಿದ್ಯುತ್ ಕಂಬಗಳಿಗೆ ನಮಸ್ಕಾರ ಮಾಡುತ್ತ, ಮಡದಿಯ ಕೈ ಹಿಡಿದು ರಸ್ತೆ ದಾಟುತ್ತ ಕಾದೆ.

ಎರಡು ವರ್ಷ ತುಂಬಿತು; ಅರ್ಜಿ ಹಾಕಿದೆವು. ವಿಚಾರಣೆಗೆಂದು ಕಂಪನಿಯ ಅಧಿಕಾರಿಯೊಬ್ಬರು ಮನೆಗೆ ಬಂದರು, ಬಲು ವಿನಯಶೀಲರು. ಕಣ್ಣು ಮಂಜಾದದ್ದು ಯಾವಾಗಿನಿಂದ ಎಂದು ಕೇಳಿದರು; ಹೋದ ವರ್ಷದಿಂದ ಎಂದು ಪ್ರಾಮಾಣಿಕವಾಗಿಯೇ ಹೇಳಿದೆ. ಮಾತು ಮುಗಿದಂತಾಗಿ, ಮಡದಿ ತಟ್ಟೆಯಲ್ಲಿ ಭಾಗಮ್ಮನ ಹಣ್ಣು ತಂದಿಟ್ಟಳು.

“ಎಷ್ಟ್ ಕೆಂಪ ಅದಾವ್ರಿ ಹಣ್ಣು!” ಎಂದರು ಅವರು.

ನನಗೆ ತಡೆಯಲಾಗಲಿಲ್ಲ. “ಏನ್ ಕೆಂಪ್ರಿ? ಮೂರು ವರ್ಷ ಆತು, ಆ ಭಾಗಮ್ಮನ ಹಣ್ಣಿನಾಗ ಕೆಂಪೇ ಉಳಿದಿಲ್ಲ!”

ಅಧಿಕಾರಿ ಸಿಪ್ಪೆ ಕೆಳಗಿಟ್ಟು ಪೆನ್ನು ತೆಗೆದರು. ಒಳಗಿನಿಂದ ಮಡದಿ ಮೂರು ಸಲ ಕೆಮ್ಮಿದಳು. ಪಾಪ, ನೆಗಡಿಯಿರಬೇಕೆಂದುಕೊಂಡು, ಮಗಳ ಮದುವೆಯ ಹೊತ್ತಿಗಾಗಲೇ ಹಣ್ಣು ಕೆಟ್ಟಿತ್ತು ಎಂದು ಕಾಲನಿರ್ಣಯವನ್ನೂ ಮಾಡಿಕೊಟ್ಟೆ.

ಹದಿನೈದು ದಿನಕ್ಕೆ ಪತ್ರ ಬಂತು. ಹಣ್ಣಿನ ಕೆಂಪು ಬಣ್ಣವು ಮೂರು ವರ್ಷಗಳಿಂದ ತಮಗೆ ಕಾಣುತ್ತಿಲ್ಲವೆಂಬುದು ಅರ್ಜಿದಾರರ ಹೇಳಿಕೆಯಿಂದಲೇ ಸಿದ್ಧವಾಗಿರುವುದರಿಂದ, ದೃಷ್ಟಿದೋಷವು ಪಾಲಿಸಿಗಿಂತ ಹಿಂದಿನದು, ಕೋರಿಕೆ ತಿರಸ್ಕೃತ. ಮಡದಿ ಓದಿ ಮುಗಿಸಿ, “ಕಣ್ಣಿಗಿಂತ ಮೊದಲ ನಿಮ್ಮ ಬಾಯಿಗೆ ವಿಮಾ ಮಾಡಸಬೇಕಿತ್ತರಿ,” ಎಂದಳು.

ಕೂಡಿಟ್ಟ ದುಡ್ಡಿನಲ್ಲೇ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿಸಿಕೊಂಡು ಬರುವಾಗ ಸೂಪರ್ ಮಾರ್ಕೆಟ್ ಬೀದಿಯ ಬಂಡಿಯೊಂದರ ಮೇಲೆ ಅದೇ ಕಮಲಾಪುರದ ಬಾಳೆಹಣ್ಣು ಕಂಡೆ: ಇಳಕಲ್ ಸೀರೆಯ ಸೆರಗಿನಂಥ ಕೆಂಪು. ಆಟೋದಲ್ಲಿ ಕೂತಲ್ಲೇ ನಾಚಿಕೆಯಿಂದ ಕುಗ್ಗಿಹೋದೆ. ತಿರುವಿಗೆ ಬಂದರೆ ಭಾಗಮ್ಮನ ಜಾಗ ಖಾಲಿ.

ಡಾಕ್ಟರ ಅಪ್ಪಣೆ ಸಿಕ್ಕ ಮರುದಿನವೇ ಕಮಲಾಪುರದ ಬಸ್ಸು ಹತ್ತಿದೆ. ಬಸ್ ನಿಲ್ದಾಣದಲ್ಲೇ ಕೂತಿದ್ದಳು. ಬುಟ್ಟಿಯಲ್ಲಿ ಅದೇ ಕೆಂಪು.

“ನಿಮ್ಮ ಮಾತ ಕೇಳಿ ಅಲ್ಲಿ ಯಾರೂ ಹಣ್ಣ ತಗೋವಲ್ರು. ಅದಕ್ಕ ಇಲ್ಲೇ ಕುಂತೀನ್ರಿ,” ಎಂದಳು.

ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋಗಿದ್ದ ಕ್ಷಮಾಯಾಚನೆಯ ವಾಕ್ಯಗಳನ್ನೆಲ್ಲ ಬದಿಗಿಟ್ಟೆ. ತಪ್ಪು ನನ್ನ ಕಣ್ಣಿನದು, ಕಂಪನಿಯೇ ಹಾಗೆಂದು ಪತ್ರ ಬರೆದಿದೆ ಎಂದಷ್ಟೇ ಹೇಳಿ, ಓಣಿಯ ಮನೆಮನೆಗೂ ಹೋಗಿ ತಿಳಿಸುತ್ತೇನೆಂದು ಮಾತುಕೊಟ್ಟೆ.

“ನಿಮ್ಮ ಬಾಯಿಮಾತು ಬ್ಯಾಡ್ರಿ ಸರ,” ಎಂದಳು. “ಆ ಕಾಗದದ್ದು ಒಂದು ಝೆರಾಕ್ಸ್ ಕೊಡ್ರಿ.”

ಈಗ ಭಾಗಮ್ಮ ಮತ್ತೆ ನಮ್ಮ ತಿರುವಿನಲ್ಲಿದ್ದಾಳೆ. ಪ್ಲಾಸ್ಟಿಕ್ ಹಾಳೆಯೊಳಗೆ ಕಂಪನಿಯ ಪತ್ರ, ದುಂಡು ಮೊಹರಿನ ಸಮೇತ, ಬುಟ್ಟಿಗೆ ತೂಗುತ್ತಿದೆ. ವಾಯುವಿಹಾರಿಗಳು ಅದನ್ನು ಓದಿ, ನನ್ನತ್ತ ನೋಡಿ, ಡಜನ್ ಹಣ್ಣು ಕೊಂಡು ಹೋಗುತ್ತಾರೆ. ಹಣ್ಣು ಎಷ್ಟು ಕೆಂಪಗಿದೆ ಎಂದು ವರ್ಣಿಸಲು ನಾನು ಬಾಯಿ ತೆರೆದರೆ, ಭಾಗಮ್ಮ ಪತ್ರದತ್ತ ಬೆರಳು ತೋರಿಸುತ್ತಾಳೆ:

“ಅದರಾಗ ಎಲ್ಲಾ ಬರದದರಿ ಸರ. ನೀವ್ ಸುಮ್ಮ ಹಣ್ಣ ತಗೊಂಡ್ ಹೋಗ್ರಿ.”