ಅಕ್ಕೋರ ಹಸಿ ಶಾವಿಗೆ

೧೯೮೯ರ ಮಾರ್ಚ್, ಬೆಳಿಗ್ಗೆ ಹತ್ತೂವರೆ. ಜೇವರ್ಗಿಯ ನಮ್ಮ ಹೈಸ್ಕೂಲಿನ ಪ್ರಯೋಗಾಲಯದಲ್ಲಿ, ಬಾಗಿಲಿನಿಂದ ಮೂರು ಹೆಜ್ಜೆ ಒಳಗೆ ನಾನು ನಿಂತಿದ್ದೆ. ವಿಜ್ಞಾನ ಕಲಿಸುವ ಅಕ್ಕೋರ ಹೆಬ್ಬೆರಳಿನ ಉಗುರಿನ ಸುತ್ತ ಗೋಧಿಹಿಟ್ಟು ಒಣಗಿ ಬೆಳ್ಳಗಾಗಿತ್ತು. ನಾನು ಗಣಿತ ಕಲಿಸುತ್ತಿದ್ದೆ.

ಸೂರ್ಯನಿಂದ ಸಿಡಿದ ಪ್ಲಾಸ್ಮಾ ಮೋಡ ವೇಗವಾಗಿ ನುಗ್ಗುವಾಗ, ದಾರಿಯಲ್ಲಿನ ಕಾಂತಕ್ಷೇತ್ರದ ಗೆರೆಗಳು ಅದರೊಳಗೆ ಹೋಗಲಾರವು. ಬಾಗಿ, ಅದರ ಮೈಗೆ ಸುತ್ತಿಕೊಂಡು, ಮುಂದೆ ಒತ್ತೊತ್ತಾಗುತ್ತವೆ. ಎಷ್ಟು ಒತ್ತಾಗುತ್ತವೆ ಎಂದು ಅಕ್ಕೋರು ಲಾಗ್ ಟೇಬಲ್ ಹಿಡಿದು ಒಂದೊಂದೇ ಬಿಂದುವಿಗೆ ಲೆಕ್ಕ ಹಾಕುತ್ತಿದ್ದರು. ಮೂರು ನೋಟುಬುಕ್ಕು ತುಂಬಿದ್ದವು. ನನ್ನ ಮುಂದಿಟ್ಟು, "ತಪ್ಪಿದ್ರ ತೋರಿಸ್ರಿ ಸರ್, ಒಪ್ಪತೇನಿ" ಎನ್ನುತ್ತಿದ್ದರು. ಕಾರಣ ಕೇಳದೆ ಮಾತ್ರ ಒಪ್ಪುತ್ತಿರಲಿಲ್ಲ.

ಅಂದು ತಪಾಸಣೆಗೆ ಬಂದ ಸಾಹೇಬರಿಗೆ ಅದನ್ನೇ ತೋರಿಸಲು ಹೊರಟರು. ಎರಡು ಕೋಲುಗಳ ನಡುವೆ ಬಿಗಿದ ಶಾವಿಗೆ ಎಳೆಗಳು ಕಾಂತದ ಗೆರೆಗಳು, ತಂಬಿಗೆ ಮೋಡ. ಆದರೆ ಎಳೆಗಳನ್ನು ಹಿಂದಿನ ಸಂಜೆಯೇ ಹೊಸೆದಿದ್ದರು, ಗಾಳಿಗೆ ಒಣಗಿದ್ದವು. ತಂಬಿಗೆ ತಾಕಿದ್ದೇ ಪಟಪಟನೆ ಮುರಿದವು.

"ಏನ್ರಿ ಅಕ್ಕೋರ, ಇದರ ಪಾಯಸಾನರ ಮಾಡಿದ್ರ ಹುಡುಗುರು ತಿಂತಿದ್ವು" ಎಂದು ಸಾಹೇಬರು ನಕ್ಕರು. ಇದು ಪಠ್ಯದಲ್ಲಿದೆಯೇ ಎಂದು ನನ್ನನ್ನು ಕೇಳಿದರು. "ಇಲ್ರಿ" ಎಂದೆ. ಅದು ನಿಜ. ನೋಟುಬುಕ್ಕುಗಳ ಮಾತು ಎತ್ತಲಿಲ್ಲ.

ಪಠ್ಯದಲ್ಲಿ ಇಲ್ಲದ್ದನ್ನು ಇನ್ನು ಕಲಿಸುವುದಿಲ್ಲ ಎಂದು ಸಹಿ ಹಾಕಬೇಕು, ಇಲ್ಲವಾದರೆ ದೂರದ ಗಡಿ ಹಳ್ಳಿ ಸರಸಂಬಾಕ್ಕೆ ವರ್ಗ ಎಂದರು ಸಾಹೇಬರು.

"ಎಳಿ ಒಣಗಿದ್ದು ನನ್ನ ತಪ್ಪು, ಅದನ್ನ ಬರದು ಕೊಡ್ತೇನಿ. ಲೆಕ್ಕ ತಪ್ಪಿಲ್ಲ. ಇದಕ್ಕ ಸಹಿ ಹಾಕಂಗಿಲ್ಲ," ಎಂದು ಅಕ್ಕೋರು ಕಾಗದ ಹಿಂದಕ್ಕೆ ಸರಿಸಿದರು.

ನಾಲ್ಕನೇ ದಿನ ಆದೇಶ ಬಂತು. ಹೊರಡುವ ಬೆಳಿಗ್ಗೆ ಅಕ್ಕೋರು ಒದ್ದೆ ಅರಿವೆಯಲ್ಲಿ ಕಣಕ ಸುತ್ತಿಕೊಂಡು ಬಂದು, ಹುಡುಗರ ಎದುರೇ ಎಳೆ ಹೊಸೆದರು. ನನ್ನನ್ನು ಕರೆಯಲಿಲ್ಲ. ನಾನೇ ಹೋಗಿ ಒಂದು ಕೋಲು ಹಿಡಿದೆ, ಜವಾನ ಇನ್ನೊಂದು ಹಿಡಿದ. "ನಿಮಗೂ ತ್ರಾಸ ಆಗ್ತದರಿ ಸರ್" ಎಂದರು ಬಾಗಿಲಲ್ಲಿದ್ದ ಹೆಡ್‌ಮಾಸ್ತರರು. "ಆಗಲ್ರಿ" ಎಂದೆ.

ತಂಬಿಗೆ ನುಗ್ಗಿತು. ಎಳೆಗಳು ಬಾಗಿ ಅದರ ಮೈಗೆ ಅಂಟಿದವು, ಮುಂದೆ ಒತ್ತಾದವು. ಅಕ್ಕೋರು ಸ್ಕೇಲು ಹಿಡಿದು ಎಳೆಗಳ ನಡುವಿನ ಅಂತರ ಅಳೆದು, ಬರೆದುಕೊಂಡು ಬಸ್ಸಿಗೆ ನಡೆದರು.

ಅವರು ಸರಸಂಬಾದಲ್ಲೇ ತೀರಿಕೊಂಡರು. ಅಂದು ಸಾಹೇಬರ ಎದುರು ಹೇಳದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ: ಮೂರೂ ನೋಟುಬುಕ್ಕು ನಾನು ನೋಡಿದ್ದೇನೆ, ಲೆಕ್ಕ ಸರಿ ಇದೆ. ಕೋಲು ಹಿಡಿದ ಜವಾನ ನೆಲೋಗಿಯಲ್ಲಿದ್ದಾನೆ. ಮುಂದಿನ ಬೆಂಚಿನಲ್ಲಿದ್ದ ಹುಡುಗಿ ಈಗ ಅದೇ ಪ್ರಯೋಗಾಲಯದಲ್ಲಿ ಕಲಿಸುತ್ತಾಳೆ. ಬೇಕಾದವರು ಹೋಗಿ ಕೇಳಲಿ. ಒಂದು ಎಳೆಯೂ ಮುರಿಯಲಿಲ್ಲ.