ಬಾಗಿಲಿಗೆ ಕಟ್ಟಿದ ವೇಷ್ಟಿಯ ಎರಡು ಬದಿ

ಗುಜರಿ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ಸಿನಿಮಾ ತರುವವನು ಬಂಟ್ವಾಳದಲ್ಲಿ ನಾನೊಬ್ಬನೇ ಇದ್ದೆನೆಂದು ಕಾಣುತ್ತದೆ. ತೊಂಬತ್ತರ ದಶಕದ ಮಾತು. ಬಿ.ಸಿ.ರೋಡಿನ ಗುಜರಿಯವನು ನನ್ನ ತಲೆ ಕಂಡ ಕೂಡಲೇ ಹಳೆ ಬ್ಯಾಟರಿಗಳ ಹಿಂದಿನಿಂದ ತಗಡಿನ ಡಬ್ಬಿ ಎಳೆದು ಮುಂದಿಡುತ್ತಿದ್ದ. ಒಳಗೆ ಇರುತ್ತಿದ್ದದ್ದು ಹೆಚ್ಚಾಗಿ ಸರಕಾರದ ಪ್ರಚಾರದ ವ್ಯಾನು ಊರೂರು ತಿರುಗಿ ತೋರಿಸಿ ಎಸೆದ ರೀಲುಗಳು: ಭತ್ತದ ಬೆಂಕಿರೋಗ, ಚಿಕ್ಕ ಸಂಸಾರ, ಸಿಡುಬಿಗೆ ಚುಚ್ಚುಮದ್ದು. ಅದನ್ನು ನಾನು ಬಂಗಾರ ಸಿಕ್ಕಿದವನಂತೆ ಎದೆಗವಚಿಕೊಂಡು ಬಸ್ಸು ಹತ್ತುತ್ತಿದ್ದೆ. ಅವನ್ನು ಓಡಿಸುವ ಹಳೆಯದೊಂದು ದೊಡ್ಡ ಮೆಷಿನ್ ಮನೆಯಲ್ಲಿತ್ತು. ಮೂಡಬಿದಿರೆಯಲ್ಲಿ ಗಲ್ಫಿನಿಂದ ಮರಳಿದವರೊಬ್ಬರು ಸೂಪರ್ ಎಂಟು ಎಂಬ ಸಪುರ ಫಿಲ್ಮಿನ ಪುಟ್ಟ ಪ್ರೊಜೆಕ್ಟರನ್ನೂ ನನಗೆ ಮಾರಿದ ಮೇಲೆ ನನ್ನ ಹುಚ್ಚಿಗೆ ಔಷಧವೇ ಇಲ್ಲದಂತಾಯಿತು. ಹೆಂಡತಿ ಖಾಲಿ ಡಬ್ಬಿಗಳಲ್ಲಿ ಸಂಡಿಗೆ ತುಂಬಿಸಿಟ್ಟು, ಈ ಮನೆಗೆ ಬೆಂಕಿರೋಗ ತಂದದ್ದು ನೀವೇ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಆದಿತ್ಯವಾರ ಸಂಜೆ ನಮ್ಮ ಚಾವಡಿಯಲ್ಲಿ ಆಟ. ಗೋಡೆಗೆ ಕಟ್ಟಿದ, ನಾನು ಉಡುವ ಬಿಳಿ ವೇಷ್ಟಿಯೇ ಪರದೆ. ನೆರೆಕರೆಯವರು ಬರುತ್ತಿದ್ದರು, ಟಿ.ವಿ. ಬಂದ ಮೇಲೆ ಅರ್ಧ ಜನ ಬಿಟ್ಟರು. ಅವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಬಿಡದೆ ಬಂದವರು ರಸ್ತೆಯಾಚೆಯ ಮನೆಯ ಬ್ಯಾರಿಯವರು. ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವರು. ಬಾಗಿಲ ಹತ್ತಿರವೇ ಕುಳಿತು ಸಿಡುಬಿನ ಚುಚ್ಚುಮದ್ದನ್ನೂ ಬಾಯಿ ತುಂಬ ನಗುತ್ತ ನೋಡುತ್ತಿದ್ದರು. ಅವರ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಮಕ್ಕಳು ಕೇಳಿದರೆ, ಮೊದಲ ರಜೆಗೆ ಊರಿಗೆ ಹೊರಟ ವಾರ ಕಾರಿನ ಬಾಗಿಲಿಗೆ ಸಿಕ್ಕಿತೆಂದು ಕಿರುಚಿ, ಕುಣಿದು, ಪೂರಾ ನಾಟಕ ಮಾಡಿ ತೋರಿಸುತ್ತಿದ್ದರು. ಉಳಿದ ಮೂರು ಬೆರಳಲ್ಲೇ ಒಂದು ಅಗುಳೂ ಬೀಳದಂತೆ ಉಣ್ಣುತ್ತಿದ್ದರು. ನಮ್ಮ ಮಗಳು ಎಡಗೈಯಲ್ಲಿ ಚಕ್ಕುಲಿ ತೆಗೆದುಕೊಂಡರೆ ತಟ್ಟೆಯನ್ನೇ ಹಿಂದಕ್ಕೆಳೆದು, ಬಲಗೈ ನೀಡಿದ ಮೇಲೆಯೇ ಕೊಡುತ್ತಿದ್ದರು. ಎಡಗೈಯ ಊಟವನ್ನು ಅವರು ಕಣ್ಣಿಂದ ನೋಡಲಾರದವರು.

ಅವರು ಒಂದು ಬೆಳಿಗ್ಗೆ ಎದೆನೋವೆಂದು ಕುಳಿತವರು ಏಳಲಿಲ್ಲ. ತಿಂಗಳಾಗುವಷ್ಟರಲ್ಲಿ ಅವರ ಅಳಿಯ ನಮ್ಮ ಮನೆಗೆ ಬಂದು, ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಸೂಪರ್ ಎಂಟರ ರೀಲು. ಮಾವನದೇ, ಗಲ್ಫಿನದು ಎಂದ.

ನಾನು ದಂಗಾಗಿ ಹೋದೆ. ಅಷ್ಟು ವರ್ಷ ನನ್ನ ಚಾವಡಿಯಲ್ಲಿ ಕುಳಿತು ಭತ್ತದ ಬೆಂಕಿರೋಗ ನೋಡಿದ ಮನುಷ್ಯ, ತನ್ನದೇ ರೀಲು ಮನೆಯಲ್ಲಿದ್ದೂ ಬಾಯಿ ಬಿಟ್ಟಿರಲಿಲ್ಲ. ಸತ್ತವರ ಮೇಲೆ ಕೋಪ ಮಾಡಬಾರದು, ಆದರೆ ಬಂತು.

ಅಳಿಯ ಹೇಳಿದ ಪ್ರಕಾರ, ಮಾವ ಮದುವೆಯಾಗಿ ಗಲ್ಫಿಗೆ ಹೋದ ಹೊಸತರಲ್ಲಿ ಅವರ ರೂಮಿನವನೊಬ್ಬ ಕ್ಯಾಮರಾ ತೆಗೆದುಕೊಂಡಿದ್ದ. ಆತನೇ ರಜೆಗೆ ಬಂದಾಗ ಈ ರೀಲನ್ನು ಅತ್ತೆಗೆ ತಂದುಕೊಟ್ಟದ್ದು. ಮತ್ತೆ ಒಂದೂವರೆ ವರ್ಷ ಕಳೆದು ಮಾವ ಮೊದಲ ರಜೆಗೆ ಬಂದರು. ನೋಡುವ ಮೆಷಿನ್ ಇಲ್ಲ ಎಂದು ರೀಲನ್ನು ಕಪಾಟಿಗೆ ಸೇರಿಸಿದರು. ನನ್ನ ಪುಟ್ಟ ಮೆಷಿನ್ ಬಂದ ಮೇಲೆ, ಅದು ಹಾಳಾಗಿದೆ ಎಂದರು. ಈಗ ಅತ್ತೆಗೆ ಒಂದೇ ಹಟ, ಹಾಳಾದದ್ದಾದರೂ ಸರಿ, ಅವರ ಆಗಿನ ಮುಖ ಒಮ್ಮೆ ನೋಡಬೇಕು. ಮದುವೆಯಾಗಿ ತಿಂಗಳೊಳಗೆ ವಿಮಾನ ಹತ್ತಿದ ಗಂಡ. ಆ ಪ್ರಾಯದ ಮುಖ ಆಕೆಗೆ ಸರಿಯಾಗಿ ನೆನಪೇ ಉಳಿದಿರಲಿಲ್ಲ.

ಡಬ್ಬಿ ತೆರೆದರೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಫಿಲ್ಮು ಸಾಯಲು ಹೊರಟಾಗ ಬರುವ ವಾಸನೆ ಅದು. ಕಾಯುವ ಹಾಗಿರಲಿಲ್ಲ. ಆದರೆ ಆಕೆ ಇದ್ದತ್‌ನಲ್ಲಿದ್ದರು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಚಿಲ್ಲರೆ ಹೆಂಗಸು ಒಳಗೇ ಇರಬೇಕು, ಹೊರಗಿನ ಗಂಡಸರ ಕಣ್ಣಿಗೆ ಬೀಳಬಾರದು. ನಾನು ಹೊರಗಿನವನು. ಮೆಷಿನ್ ನಡೆಸುವವನೂ ನಾನೇ. ಕೊನೆಗೆ ಅವರ ಮನೆಯಲ್ಲೇ ಒಳಕೋಣೆಯ ಬಾಗಿಲಿಗೆ ವೇಷ್ಟಿಯನ್ನು ಬಿಗಿಯಾಗಿ ಕಟ್ಟುವುದೆಂದಾಯಿತು. ಚಾವಡಿಯಿಂದ ನಾನು ಬೆಳಕು ಬಿಡುವುದು, ಒಳಗಿನಿಂದ ಹೆಂಗಸರು ಬಟ್ಟೆಯ ಹಿಂಬದಿಯಲ್ಲಿ ನೋಡುವುದು. ಹಿಂದಿನಿಂದ ನೋಡುವವರಿಗೆ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಈ ಫಿಲ್ಮಿಗೆ ಮೆಷಿನಿನ ಹಲ್ಲು ಹಿಡಿಯುವ ತೂತು ಒಂದೇ ಅಂಚಿನಲ್ಲಿ, ಮಗುಚಿ ಹಾಕಲು ಬರುವುದಿಲ್ಲ. ಮುಖ ನೋಡುವವರಿಗೆ ಎಡವೇನು ಬಲವೇನು ಎಂದುಕೊಂಡು ನಾನು ಆ ಮಾತೇ ಎತ್ತಲಿಲ್ಲ. ಮನೆಯವರ ರೀಲನ್ನು ಮನೆಯವರಿಗಿಂತ ಮೊದಲು ನೋಡುವ ಕ್ರಮ ನನಗಿಲ್ಲ, ಹಾಗಾಗಿ ಅದರಲ್ಲೇನಿದೆಯೆಂದು ನನಗೂ ಗೊತ್ತಿರಲಿಲ್ಲ.

ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ ಸುರು ಮಾಡಿದೆವು. ಚಾವಡಿಯಲ್ಲಿ ನಾನು, ಅಳಿಯ. ಒಳಗೆ ಆಕೆ, ಮಗಳು, ನೆಂಟರ ನಾಲ್ಕೈದು ಹೆಂಗಸರು. ಮೂರು ನಿಮಿಷದ ರೀಲು, ಮಾತಿಲ್ಲ.

ಮೊದಲು ಬರೀ ಗೋಡೆ. ಬಳಿಕ ಒಂದರ ಮೇಲೊಂದು ಮಂಚ, ಹಗ್ಗದಲ್ಲಿ ನೇತಾಡುವ ಲುಂಗಿಗಳು. ಆಮೇಲೆ ನೆಲದಲ್ಲಿ ಒಂದು ದೊಡ್ಡ ಹರಿವಾಣ, ಸುತ್ತ ಕುಳಿತು ಉಣ್ಣುವ ಏಳೆಂಟು ಜನ. ನಡುವೆ ಅವರು. ಸಪುರ ಮೀಸೆ, ತಲೆ ತುಂಬ ಕೂದಲು, ತಿಳಿನೀಲಿ ಅಂಗಿ. ಒಳಗಿನಿಂದ ಉಸಿರೆಳೆದ ಸದ್ದು ಕೇಳಿಸಿತು, ಆಮೇಲೆ ಅಳು, ಅಳುವಿನೊಳಗೇ ನಗು. ಮುಖ ಸಿಕ್ಕಿತಲ್ಲ ಎಂದು ನನಗೂ ಸಮಾಧಾನವಾಯಿತು.

ಆಗ ಒಬ್ಬ ಮುದುಕಿಯ ಸ್ವರ ಬಂತು. ಇದೆಂಥ ಜನ, ಎಲ್ಲರೂ ಎಡಗೈಯಲ್ಲಿ ಉಣ್ಣುತ್ತಾರಲ್ಲ ಎಂದು. ಉಳಿದವರೂ ಗಾಬರಿಯಾಗಿ ಮಾತಾಡತೊಡಗಿದರು. ಮತ್ತೊಬ್ಬಾಕೆ ಹೆಮ್ಮೆಯಿಂದ ಸೇರಿಸಿದರು, ನೋಡಿ, ನಮ್ಮವರೊಬ್ಬರೇ ಬಲಗೈಯಲ್ಲಿ.

ಬೆಚ್ಚಿಬಿದ್ದು ನಾನು ವೇಷ್ಟಿಯನ್ನು ಸರಿಯಾಗಿ ನೋಡಿದೆ. ನನ್ನ ಬದಿಯಲ್ಲಿ ಚಿತ್ರ ನೆಟ್ಟಗೆ ಇತ್ತು. ಎಲ್ಲರೂ ಬಲಗೈಯಲ್ಲೇ ಉಣ್ಣುತ್ತಿದ್ದರು. ಅವರೊಬ್ಬರು ಎಡಗೈಯಲ್ಲಿ. ಬಲಗೈ ತೊಡೆಯ ಮೇಲಿತ್ತು, ಮೊಣಕೈಯ ತನಕ ಬಟ್ಟೆ ಸುತ್ತಿ, ತೆಂಗಿನಕಾಯಿಯಷ್ಟು ದಪ್ಪ. ಕ್ಯಾಮರಾ ಹತ್ತಿರ ಬಂದಾಗ ಅವರು ಆ ಕೈಯನ್ನು ಪಕ್ಕದವನ ಬೆನ್ನ ಹಿಂದೆ ಅಡಗಿಸಿ ನಕ್ಕರು. ಬೆಂಕಿರೋಗಕ್ಕೆ ನಗುತ್ತಿದ್ದ ಅದೇ ನಗು.

ಕಾರಿನ ಬಾಗಿಲೂ ಇಲ್ಲ, ಊರಿಗೆ ಹೊರಟ ವಾರವೂ ಅಲ್ಲ. ಅದಕ್ಕಿಂತ ಒಂದೂವರೆ ವರ್ಷ ಮೊದಲೇ ಆ ಕೈ ಹೋಗಿತ್ತು. ಅಳಿಯ ನನ್ನತ್ತ ತಿರುಗಿ ತುಟಿಗೆ ಬೆರಳಿಟ್ಟ. ಒಳಗೆ ಹೆಂಗಸರು ಹೊಗಳುತ್ತಲೇ ಇದ್ದರು. ಒಂದು ಬಟ್ಟೆಯ ಆಚೆಗೆ ಬಲಗೈ, ಈಚೆಗೆ ಎಡಗೈ. ಅಂಥ ಸಂಕಟದಲ್ಲಿ ನಾನು ಯಾವತ್ತೂ ರೀಲು ಓಡಿಸಿದವನಲ್ಲ.

ರೀಲು ಮುಗಿಯಿತು. ದೀಪ ಆರಿಸಿದೆ. ಬಟ್ಟೆಯಾಚೆಯಿಂದ ಆಕೆ, ಬೇರೆ ಯಾರಿಗೂ ಅಲ್ಲ, ನನಗೆ ಹೇಳಿದರು.

"ಅಣ್ಣಾ, ಅವರ ಅಂಗಿಯ ಕಿಸೆ ನಿಮಗೆ ಯಾವ ಬದಿಗೆ ಕಂಡಿತು?"

ಹೇಳಬೇಡಿ ಎಂಬಂತೆ ಅಳಿಯ ತಲೆ ಅಲ್ಲಾಡಿಸಿದ. ಸುಳ್ಳು ಹೇಳಲು ನನ್ನ ನಾಲಿಗೆ ಹೊರಳಲಿಲ್ಲ. ಅವರ ಎಡಕ್ಕೆ ಎಂದೆ.

"ನಮಗೆ ಬಲಕ್ಕೆ ಕಂಡಿತು. ಅದು ಮದುವೆಯ ಸಮಯ ನಾನೇ ಹೊಲಿದ ಅಂಗಿ. ಕಿಸೆ ಎಡಕ್ಕೇ ಇಟ್ಟದ್ದು."

ಆಕೆ ಇನ್ನೊಮ್ಮೆ ಹಾಕಲಿಕ್ಕೆ ಆಗುತ್ತದಾ ಎಂದು ಕೇಳಿದರು. ಈ ಸಲ ತಾನು ಚಾವಡಿಗೆ ಬರುತ್ತೇನೆ, ನೀವು ಸ್ವಲ್ಪ ಜಗಲಿಯಲ್ಲಿ ನಿಲ್ಲಬೇಕು ಎಂದರು. ಫಿಲ್ಮು ಎಲ್ಲಿ ಹರಿಯುತ್ತದೋ ಎಂಬ ಭಯವನ್ನು ಹೇಳುವ ಧೈರ್ಯ ನನಗಾಗಲಿಲ್ಲ. ರೀಲು ಏರಿಸಿ, ಅಳಿಯನಿಗೆ ಸ್ವಿಚ್ಚು ತೋರಿಸಿ ಹೊರಗೆ ಬಂದೆ.

ಬಾಗಿಲು ಹಾಕಿಕೊಂಡಿತು. ಮೆಷಿನಿನ ಸದ್ದು ಸುರುವಾಯಿತು. ಹರಿವಾಣ ಈಗ ಬಂದಿರಬೇಕು, ಈಗ ಕ್ಯಾಮರಾ ಹತ್ತಿರ ಹೋಗಿರಬೇಕು ಎಂದು ನಾನು ಜಗಲಿಯ ಕಂಬ ಹಿಡಿದು ಅಂದಾಜು ಮಾಡುತ್ತಿದ್ದೆ. ಫಿಲ್ಮು ಹರಿಯಲಿಲ್ಲ. ಒಳಗೆ ಯಾರೂ ಅಳಲೂ ಇಲ್ಲ. ಸದ್ದು ನಿಂತ ಮೇಲೆ ಆಕೆ ಮಗಳೊಡನೆ ಬ್ಯಾರಿ ಭಾಷೆಯಲ್ಲಿ ಆಡಿದ ಮಾತು ಕಿಟಕಿಯಿಂದ ಕೇಳಿಸಿತು. ಅಷ್ಟು ಬ್ಯಾರಿ ನನಗೂ ಬರುತ್ತದೆ.

"ಆ ವರ್ಷ ಅವರು ಕಾಗದ ಬರೆಯುವುದು ಬಿಟ್ಟು ಕ್ಯಾಸೆಟಿನಲ್ಲಿ ಮಾತಾಡಿ ಕಳಿಸ್ಲಿಕ್ಕೆ ಸುರು ಮಾಡಿದ್ರು. ನನಗೆ ಸಿಟ್ಟು ಬಂತು. ಹೆಂಡತಿಗೆ ನಾಲ್ಕು ಅಕ್ಷರ ಬರಿಲಿಕ್ಕೆ ನಿಮಗೆ ಅಷ್ಟು ಉದಾಸೀನವಾ ಅಂತ ನಾನೂ ಕ್ಯಾಸೆಟಿನಲ್ಲೇ ಬೈದು ಕಳಿಸಿದೆ. ಮುಂದಿನ ಕ್ಯಾಸೆಟಿನಲ್ಲಿ ಅವರು ಹೌದು, ಸ್ವಲ್ಪ ಉದಾಸೀನ ಅಂತ ನಗಾಡಿದ್ರು."